ಹಸಿರು ಫಲಕದೂರಿನ ಲಿಂಬೆಹಣ್ಣು

ನಾನು ಹೆಣ ಹೊತ್ತದ್ದು ಧೈರ್ಯದಿಂದಲ್ಲ, ಅಂಜಿಕೆಯಿಂದ. ನಡೆದದ್ದು ಇಷ್ಟೇ. ಇದಕ್ಕಿಂತ ಹೆಚ್ಚು ಯಾರಾದರೂ ಹೇಳಿದರೆ ಅದು ಅವರು ಸೇರಿಸಿದ್ದು.

ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೋದ ಯುಗಾದಿಗೆ ಫ್ರಾಂಕ್‌ಫರ್ಟಿನಲ್ಲಿ ಕನ್ನಡದವರು ಸೇರಿದ್ದಾಗ ಉಡುಪಿ ಕಡೆಯ ಒಬ್ಬ ಹುಡುಗ ಬಂದು ನನ್ನ ಕಾಲಿಗೆ ಬಿದ್ದ. "ಅಜ್ಜೀ, ನೀವು ಜರ್ಮನರ ಹೆಣಕ್ಕೆ ಹೆಗಲು ಕೊಟ್ಟವರಂತಲ್ಲ, ಎಂಥ ಧೈರ್ಯ ಮಾರಾಯ್ರೆ!" ಎಂದ. ಹೆಗಲು ಕೊಟ್ಟಿಲ್ಲಪ್ಪ, ಅಲ್ಲಿ ಹೆಗಲಿಗೆ ಕೆಲಸವೇ ಇಲ್ಲ, ಕೈಯಲ್ಲಿ ಹಿಡಿಯುವುದು ಎಂದು ನಾನು ಹೇಳುವಷ್ಟರಲ್ಲಿ ಅವನು ಫೋಟೋ ತೆಗೆದುಕೊಂಡು ಹೋಳಿಗೆಯ ಸಾಲಿಗೆ ಹೋಗಿಬಿಟ್ಟಿದ್ದ.

ಆ ಹೆಣದ ದಿನದ ಬಿಳಿ ಕೈಗವಸು ಇನ್ನೂ ನನ್ನ ಹತ್ತಿರ ಇದೆ. ದೇವರ ಮನೆಯಲ್ಲಿ ಇಟ್ಟಿಲ್ಲ. ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಮುರಿಯುವಾಗ ಹಾಕಿಕೊಳ್ಳುತ್ತೇನೆ. ಕೈ ಉರಿಯುವುದಿಲ್ಲ. ಊರಿಂದ ಬರುವಾಗ ನಾನು ತರುವುದು ಮೆಣಸಿನಕಾಯಿಯೇ. ಚೀಲದಲ್ಲಿ ಬೇರೆ ಏನಿದ್ದರೂ ಅದರ ಮೂಲೆ ತುಂಬಲು. ಈಗ ಮಗಳು ಎರ್ಲಾಂಗೆನ್‌ನಲ್ಲಿ ಇದ್ದಾಳೆ, ಎಲ್ಲರೂ ಸೈಕಲ್ ತುಳಿಯುವ ಊರು. ನಾನು ಬಾಲ್ಕನಿಯಲ್ಲಿ ಕುಳಿತು ತೊಟ್ಟು ಮುರಿಯುತ್ತಿದ್ದರೆ ಕೆಳಗೆ ಹೋಗುವವರು ಸೀನುತ್ತಾ ಹೋಗುತ್ತಾರೆ. ಗವಸಿನ ಬೆರಳ ತುದಿ ಕೆಂಪಗಾಗಿದೆ. ಎಷ್ಟು ಒಗೆದರೂ ಹೋಗುವುದಿಲ್ಲ. ನೋಡಿದವರಿಗೆ ಬೇರೆ ಏನೋ ಅನ್ನಿಸಬಹುದು, ಅದು ಬ್ಯಾಡಗಿ.

ಈ ಗವಸು ಬಂದದ್ದು ಗ್ರೀನ್ ಕಾರ್ಡಿನ ಕಾಲದಲ್ಲಿ. ಕಂಪ್ಯೂಟರ್ ಕಲಿತವರನ್ನು ಜರ್ಮನಿಯವರು ಕಾರ್ಡು ಕೊಟ್ಟು ಕರೆಯುತ್ತಿದ್ದರು. ಕಾರ್ಡು ಬಂದದ್ದು ನನ್ನ ಮಗಳು ಶೋಭಾಳಿಗೆ. ಅಳಿಯ ಮಹಾಂತೇಶ ಅವಳ ಬೆನ್ನಿಗೆ ಬಂದವನು. ಬೆನ್ನಿಗೆ ಬಂದವರು ಮೊದಮೊದಲು ಕೆಲಸ ಮಾಡುವಂತಿಲ್ಲ ಎಂದು ಕಾನೂನು. ಹುಬ್ಬಳ್ಳಿಯಲ್ಲಿ ಹತ್ತು ಜನರಿಗೆ ಕೆಲಸ ಹೇಳುತ್ತಿದ್ದವನು ಇಲ್ಲಿ ಹೆಂಡತಿಗೆ ಡಬ್ಬಿ ಕಟ್ಟಿಕೊಟ್ಟು ದಿನವೆಲ್ಲ ಕಿಟಕಿ ನೋಡುತ್ತ ಕೂರಬೇಕಾಯಿತು.

ಶೋಭಾಳ ಕಾರ್ಖಾನೆ ಇದ್ದ ಪೇಟೆಯಲ್ಲಿ ಮನೆ ಸಿಗಲಿಲ್ಲ. ಫೋನಿನಲ್ಲಿ ಖಾಲಿ ಇದ್ದ ಮನೆ ಇವರ ಮುಖ ನೋಡಿದ ಕೂಡಲೇ ಭರ್ತಿಯಾಗಿಬಿಡುತ್ತಿತ್ತಂತೆ. ಹಾಗಾಗಿ ಉತ್ತರದ ಆ ಬಯಲಿನಲ್ಲಿ, ರಸ್ತೆಯ ಎರಡೂ ಬದಿಗೆ ಹತ್ತೋ ಹನ್ನೆರಡೋ ಮನೆ ಇದ್ದ ಜಾಗದಲ್ಲಿ, ಒಂದು ಹಳೆಯ ಇಟ್ಟಿಗೆ ಮನೆ ಹಿಡಿದಿದ್ದರು.

ವಿಮಾನ ಇಳಿದು ಅಲ್ಲಿಗೆ ಹೋದ ದಿನ ನಾನು ಕೇಳಿದೆ, "ಊರು ಯಾವಾಗ ಬರ್ತೈತಿ?"

"ಬಂತಲ್ಲ ಬೇ. ಇದ."

"ಇದು ಊರೇನು?"

"ಊರಲ್ಲ," ಎಂದಳು ಶೋಭಾ. "ಹಳದಿ ಬೋರ್ಡ್ ಇದ್ರ ಇಲ್ಲೆ ಊರು ಅಂತಾರ. ನಮ್ದು ನೋಡು, ಹಸಿರು ಬೋರ್ಡ್. ಹಸಿರು ಅಂದ್ರ ಬರೇ ಮನಿಗಳು. ಪಂಚಾಯ್ತಿ ಇಲ್ಲ, ಚರ್ಚ್ ಇಲ್ಲ, ಅಂಗಡಿ ಇಲ್ಲ, ಸುಡುಗಾಡ ಸೈತ ಇಲ್ಲ. ಎಲ್ಲಾ ಆ ಕಡೀ ಊರಾಗ."

"ಸಾಯಾಕೂ ಇನ್ನೊಂದು ಊರಿಗೆ ಹೋಗ್ಬೇಕೇನು?"

"ಬಂದ ದಿನಾನ ಸಾಯೂ ಮಾತು ಆಡ್ಬ್ಯಾಡ ಬೇ," ಎಂದು ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು.

ನಾನು ಬಂದದ್ದೇ ಆ ಹೊಟ್ಟೆಗಾಗಿ. ಮೊದಲು ಎರಡು ಸಲ ನಿಂತು ಇಳಿದು ಹೋಗಿತ್ತು. ಒಂದು ಹುಬ್ಬಳ್ಳಿಯಲ್ಲಿ, ಒಂದು ಇಲ್ಲಿ. ಮೂರನೆಯದು ಐದು ತುಂಬಿ ಆರಕ್ಕೆ ಬಿದ್ದಿತ್ತು. ಇಲ್ಲಿಯ ಸೂಲಗಿತ್ತಿಗೆ ಹೆಬಾಮ್ಮೆ ಎನ್ನುತ್ತಾರೆ. ಕಾರಿನಲ್ಲಿ ಬರುತ್ತಿದ್ದಳು, ಹೊಟ್ಟೆ ಮುಟ್ಟಿ "ಗೂಟ್, ಗೂಟ್", ಚೆನ್ನಾಗಿದೆ, ಎಂದು ನಗುತ್ತಿದ್ದಳು. ಆಕೆ ನಕ್ಕಷ್ಟೂ ಶೋಭಾಳ ಮುಖ ಬಿಗಿಯುತ್ತಿತ್ತು. ಅವಳು ಇಂಜಿನಿಯರು, ಯಾವ ಶಾಸ್ತ್ರವನ್ನೂ ನಂಬುವವಳಲ್ಲ. ಆದರೆ ತೊಟ್ಟಿಲು ತರೋಣ ಎಂದು ಮಹಾಂತೇಶ ಅಂದರೆ "ಆಮ್ಯಾಲ" ಎನ್ನುತ್ತಿದ್ದಳು. ಕೂಸಿನ ಅಂಗಿಯ ಅಂಗಡಿ ಬಂದರೆ ರಸ್ತೆ ದಾಟುತ್ತಿದ್ದಳು. ನಂಬದವರೂ ಹೀಗೆ ಇರುತ್ತಾರೆ.

ಆ ಜಾಗ ನನಗೆ ಒಗ್ಗಿತು, ಅದನ್ನು ಹೇಳಲೇಬೇಕು. ನಾನು ರೋಣದ ಕಡೆಯ ಎರೆಹೊಲದವಳು. ಅಲ್ಲಿಯೂ ಹೀಗೆಯೇ, ಕಣ್ಣಿಗೆ ಅಡ್ಡ ಬರುವುದು ಏನೂ ಇಲ್ಲ. ಯಾರಾದರೂ ನಿಮ್ಮ ಮನೆಗೆ ಹೊರಟರೆ ಅವರು ಚುಕ್ಕಿಯಾಗಿದ್ದಾಗಲೇ ಕಾಣುತ್ತಾರೆ. ಅವರು ಬಂದು ಮುಟ್ಟುವುದರೊಳಗೆ ಅಕ್ಕಿ ಆರಿಸಿ ಎಸರಿಗೆ ಹಾಕಬಹುದು, ಬೇಡದವರಾದರೆ ಬಾಗಿಲು ಹಾಕಿಕೊಳ್ಳಬಹುದು. ವ್ಯತ್ಯಾಸ ಎಂದರೆ ನಮ್ಮಲ್ಲಿ ನೆಲ ಬಿರಿಯುತ್ತದೆ, ಅಲ್ಲಿ ನೆಲ ಒಸರುತ್ತದೆ. ಪ್ರತಿ ಹೊಲಕ್ಕೂ ಸುತ್ತ ಕಾಲುವೆ, ಕಾಲುವೆಯ ತುಂಬ ಕಪ್ಪು ನೀರು. ಆಕಳಿಗಿಂತ ಗಾಳಿ ಹೆಚ್ಚು.

ಪಕ್ಕದ ಮನೆಯಲ್ಲಿ ಹಿನ್ರಿಶ್ ಎಂಬ ಮುದುಕ, ಅವನ ಹೆಂಡತಿ ಮೇಟಾ. ಇಬ್ಬರಿಗೂ ಎಂಬತ್ತು ದಾಟಿತ್ತು, ಮಕ್ಕಳಿರಲಿಲ್ಲ. ಮಹಾಂತೇಶನಿಗೆ ಹಗಲು ಕಳೆಯಲು ಸಿಕ್ಕವನು ಆ ಹಿನ್ರಿಶ್. ಹಿನ್ರಿಶ್ ಆಡುತ್ತಿದ್ದದ್ದು ಶೋಭಾಳಿಗೂ ಅರ್ಥವಾಗದ ಹಳ್ಳಿ ಜರ್ಮನ್. ಇವನದು ಕ್ಲಾಸಿಗೆ ಹೋಗಿ ಕಲಿತದ್ದು. ಇಬ್ಬರೂ ಒಂದು ಹಳೆಯ ಟ್ರ್ಯಾಕ್ಟರ್ ಬಿಚ್ಚುವುದು, ಜೋಡಿಸುವುದು, ಮತ್ತೆ ಬಿಚ್ಚುವುದು ಮಾಡುತ್ತಿದ್ದರು. ಅದು ಕೆಟ್ಟಿತ್ತೋ ಇಲ್ಲವೋ ನನಗೆ ಅನುಮಾನ. ಮುದುಕ ಬೇಲಿಯಾಚೆಯಿಂದ "ಮಾಂಟೆಸ್!" ಎಂದು ಕೂಗಿದರೆ ನನ್ನ ಅಳಿಯ ಕಲಸಿದ ಹಿಟ್ಟು ಬಿಟ್ಟು ಓಡುತ್ತಿದ್ದ. ಒಮ್ಮೆ ಮುದುಕ ಒಂದು ಮುರುಟು ಎಲೆಯ ಸೊಪ್ಪು ತಂದುಕೊಟ್ಟ. ನಾನು ಬೆಳ್ಳುಳ್ಳಿ ಕೆಂಪುಖಾರ ಹಾಕಿ ಪಲ್ಯ ಮಾಡಿ ಕಳಿಸಿದೆ. ತಿಂದು, ಕೆಮ್ಮಿ, ಕಣ್ಣೀರು ಒರೆಸಿಕೊಂಡು, ಮರುದಿನ ಇನ್ನೊಂದು ಹೊರೆ ಸೊಪ್ಪು ತಂದಿಟ್ಟ.

ಅಕ್ಟೋಬರ್ ಮುಗಿಯುವ ಹೊತ್ತಿಗೆ ಅವನನ್ನು ಆಸ್ಪತ್ರೆಗೆ ಒಯ್ದರು. ಟ್ರ್ಯಾಕ್ಟರು ಬಿಚ್ಚಿದ ಹಾಗೆಯೇ ಉಳಿಯಿತು.

ಮುಂದೆ ಒಂದು ಬೆಳಿಗ್ಗೆ ನಾನು ಕಸ ಹೊಡೆಯಲು ಮುಂಬಾಗಿಲು ತೆಗೆದೆ. ಮಂಜು ಹೊಸ್ತಿಲತನಕ ಬಂದು ನಿಂತಿತ್ತು. ಹೊಸ್ತಿಲ ಮೇಲೆ ಒಂದು ಲಿಂಬೆಹಣ್ಣು. ದಪ್ಪ, ಹಳದಿ. ಅದಕ್ಕೆ ಚುಚ್ಚಿದ ಒಂದು ಹಸಿರು ಕಡ್ಡಿ, ಸೂಜಿಯಂಥ ಎಲೆ. ಪಕ್ಕದಲ್ಲಿ ಬಿಳಿ ಕೈಗವಸು.

ನನ್ನ ಕೈಯ ಪೊರಕೆ ಅಲ್ಲೇ ನಿಂತಿತು.

ಹೊಸ್ತಿಲ ಮೇಲೆ ಚುಚ್ಚಿದ ಲಿಂಬೆಹಣ್ಣು ಎಂದರೆ ಏನೆಂದು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದೂ ಒಳಗೆ ಬಸುರಿ ಇರುವ ಮನೆಯ ಹೊಸ್ತಿಲು. ಜರ್ಮನಿಯಲ್ಲಿಯೂ ಮಾಟ ಮಾಡುತ್ತಾರೆಯೇ ಎಂದು ನಾನು ಯೋಚಿಸಲಿಲ್ಲ. ಎಲ್ಲಾ ಕಡೆ ಮನುಷ್ಯರೇ ತಾನೆ ಇರುವುದು, ಮಾಡದೆ ಏನು ಎಂದುಕೊಂಡೆ. ಆ ದಿನಗಳಲ್ಲಿ ಟಿವಿಯಲ್ಲಿ ಯಾರ್ಯಾರೋ ಹೊರಗಿನವರು ಬಂದು ನಮ್ಮ ಕೆಲಸ ತಿಂದರು ಎಂದು ಕೂಗುತ್ತಿದ್ದದ್ದೂ ನೆನಪಿಗೆ ಬಂತು. ಕೈಗವಸಿನ ಲೆಕ್ಕವೂ ಸರಿಯಾಗಿ ಕೂತಿತು: ಮಾಡಿದವನು ತನ್ನ ಕೈಗೆ ಹತ್ತಬಾರದೆಂದು ಗವಸು ಹಾಕಿಕೊಂಡು ಬಂದಿದ್ದಾನೆ, ಅವಸರದಲ್ಲಿ ಬಿಟ್ಟು ಹೋಗಿದ್ದಾನೆ.

ಇಲ್ಲಿ ಒಂದು ಮಾತು ಹೇಳಬೇಕು. ಚಿಕ್ಕವಳಿದ್ದಾಗ ನಾನು ಇಂಥ ಲಿಂಬೆಹಣ್ಣಿಗೆ ಅಂಜಿದವಳಲ್ಲ. ನಮ್ಮೂರ ಮೂರುದಾರಿ ಕೂಡುವಲ್ಲಿ ಅಮಾಸಿಯ ಮರುದಿನ ಹಣ್ಣು ಬಿದ್ದಿರುತ್ತಿದ್ದವು. ಸಾಲಿಗೆ ಹೋಗುವ ಹುಡುಗರೆಲ್ಲ ಸುತ್ತು ಹಾಕಿ ಹೋಗುತ್ತಿದ್ದರು. ನಾನೂ ನನ್ನ ಗೆಳತಿ ಗೌರವ್ವಳೂ ಒಂದು ದಿನ ಅದರಲ್ಲಿ ಒಳ್ಳೆಯದು ನೋಡಿ ಎತ್ತಿ, ಕುಂಕುಮ ತೊಳೆದು, ಬೆಲ್ಲ ಹಾಕಿ ಪಾನಕ ಮಾಡಿ ಕುಡಿದೆವು. ಬೆಲ್ಲ ಕದ್ದವಳು ನಾನು, ಹಣ್ಣು ಎತ್ತಿದವಳು ಅವಳು. ಕುಡಿದು ಸಾಲಿಯ ಹಿಂದಿನ ಗೋಡೆಗೆ ಒರಗಿ ಸಾವು ಬರುತ್ತದೆಂದು ಕಾದೆವು. ಬರಲಿಲ್ಲ. ನೊಣ ಬಂದವು, ಆಮೇಲೆ ಅವ್ವ ಬಂದಳು. ನಾಲ್ಕನೇ ಇಯತ್ತೆಯಲ್ಲಿ ನನ್ನ ಸಾಲಿ ನಿಂತದ್ದು ಆ ವರ್ಷವೇ, ಆದರೆ ಅದಕ್ಕೆ ಲಿಂಬೆಹಣ್ಣು ಕಾರಣವಲ್ಲ.

ಆಗ ಕುಡಿದದ್ದು ನನ್ನ ಹೊಟ್ಟೆಗೆ. ಈಗ ಇದ್ದದ್ದು ಮಗಳ ಹೊಟ್ಟೆ.

ಪೊರಕೆಯ ಹಿಡಿಯಿಂದ ಹಣ್ಣನ್ನು ತಳ್ಳುತ್ತ ತಳ್ಳುತ್ತ ಅಂಗಳ ದಾಟಿಸಿ ಕಾಲುವೆಗೆ ಉರುಳಿಸಿದೆ. ಮೂರು ಸಲ ಉಗುಳಿದೆ. ಗವಸನ್ನು ಅದೇ ಹಿಡಿಯಲ್ಲಿ ಎತ್ತಿ ಗೇಟಿಗೆ ಸಿಕ್ಕಿಸಿದೆ, ಬಿಟ್ಟವನು ಬಂದರೆ ಕಾಣಲಿ ಎಂದು. ಹೊಸ್ತಿಲಿಗೆ ಉಪ್ಪುನೀರು ಹಾಕಿ ತೊಳೆದೆ. ಒಳಗೆ ಯಾರಿಗೂ ಹೇಳಲಿಲ್ಲ.

ಮಧ್ಯಾಹ್ನ ಮಂಜು ಸರಿದಾಗ ರಸ್ತೆಯ ತುದಿಯಲ್ಲಿ ಒಂದು ಚುಕ್ಕಿ ಕಂಡಿತು. ಸೈಕಲ್. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಬಂದವನು ಗೇರ್ಡ್, ಆ ಮನೆಗಳಲ್ಲಿ ಹಿರಿಯನಂತಿದ್ದ ರೈತ. ನಮ್ಮ ಗೇಟಿನ ಮುಂದೆ ಇಳಿದ. ಗವಸು ನೋಡಿದ. ಆಮೇಲೆ ಕಾಲುವೆಯ ಕಡೆ ನೋಡಿದ. ಹಣ್ಣು ಮುಳುಗಿರಲಿಲ್ಲ, ಜೊಂಡಿಗೆ ಸಿಕ್ಕಿ ಹಳದಿಯಾಗಿ ತೇಲುತ್ತಿತ್ತು. ಅವನು ಅದನ್ನೇ ನೋಡುತ್ತ ಬಹಳ ಹೊತ್ತು ನಿಂತ. ಇವನೇ ಇಟ್ಟವನು ಎಂದು ಖಾತ್ರಿಯಾಯಿತು.

ಖಾತ್ರಿಯಾದದ್ದು ಸರಿಯೇ ಇತ್ತು. ಇಟ್ಟವನು ಅವನೇ.

ಗೇರ್ಡ್ ಟೊಪ್ಪಿಗೆ ತೆಗೆದು ಒಳಗೆ ಬಂದ, ಕೂರಲಿಲ್ಲ. ಮಹಾಂತೇಶನಿಗೆ ಏನೋ ಹೇಳಿದ. ಮಹಾಂತೇಶ ಗೋಡೆ ಹಿಡಿದುಕೊಂಡ.

"ಏನಂತ?" ಎಂದೆ.

"ಹಿನ್ರಿಶ್ ಹೋದನಂತ, ಅತ್ತೀ. ನಿನ್ನೆ."

ಗೇರ್ಡ್ ಇನ್ನೂ ಹೇಳುತ್ತಿದ್ದ. ಮಹಾಂತೇಶ ತುಂಡು ತುಂಡಾಗಿ ನನಗೆ ಹೇಳಿದ. ಇಲ್ಲಿ ಸತ್ತವರನ್ನು ಹೊರುವವರು ಆಚೀಚೆಯ ಆರು ಮನೆಯವರು, ಮನೆಗೊಬ್ಬರು. ಪೆಟ್ಟಿಗೆಗೆ ಆರು ಹಿಡಿ, ಒಂದೊಂದು ಮನೆಗೆ ಒಂದೊಂದು. ಹೊರುವ ಮನೆಗೆ ಲಿಂಬೆಹಣ್ಣು, ರೋಸ್‌ಮೇರಿ ಕಡ್ಡಿ, ಗವಸು ಕೊಟ್ಟು ಕರೆಯುವುದು ಅಜ್ಜಂದಿರ ಕಾಲದ ಪದ್ಧತಿ. ಬಸುರಿ ಮಲಗಿರುತ್ತಾಳೆ, ಗಂಟೆ ಒತ್ತಬಾರದು ಎಂದು ಬೆಳಿಗ್ಗೆ ಸದ್ದಿಲ್ಲದೆ ಇಟ್ಟು ಹೋಗಿದ್ದನಂತೆ. ಹಣ್ಣು ಒಳಗೆ ತೆಗೆದುಕೊಂಡರೆ ಒಪ್ಪಿಗೆ. ಹೊರಗೆ ಇದ್ದರೆ ಇಲ್ಲ ಎಂದರ್ಥ.

"ಕಾಲುವ್ಯಾಗ ಒಗದ್ರ ಏನರ್ಥ ಅಂತ ಅಂವಗ ಗೊತ್ತಿಲ್ಲಂತ," ಎಂದ ಮಹಾಂತೇಶ. ಹೇಳುತ್ತ ನನ್ನ ಮುಖ ನೋಡಿದ. "ಇಷ್ಟು ವರ್ಷದಾಗ ಯಾರೂ ಒಗದಿಲ್ಲಂತ."

ನಾನು ಸೆರಗು ಸರಿಮಾಡಿಕೊಂಡೆ. ಮಾಟ ಎಂಬುದಕ್ಕೆ ಜರ್ಮನಿನಲ್ಲಿ ಏನೆನ್ನುತ್ತಾರೋ ಮಹಾಂತೇಶನಿಗೂ ಬಾರದು.

"ನೀವು ಬಂದು ಇನ್ನೂ ಬಹಳ ದಿನ ಆಗಿಲ್ಲ, ಬೇಡ ಎಂದರೆ ಯಾರೂ ಏನೂ ಅನ್ನುವುದಿಲ್ಲ," ಎಂದ ಗೇರ್ಡ್. ಅಂದದ್ದು ಅಷ್ಟು, ಮುಖ ಹೇಳಿದ್ದು ಬೇರೆ. "ಆದರೆ ಹೊರುವುದು ಮನೆ. ಅದರಲ್ಲಿ ಯಾರಿದ್ದಾರೆ ಎನ್ನುವುದು ಆಮೇಲೆ. ಈ ಮನೆ ಇಲ್ಲವೆಂದರೆ ಪೇಟೆಯಿಂದ ಬಾಡಿಗೆಯವರು ಬರಬೇಕು. ಹಿನ್ರಿಶ್ ಈ ಎಲ್ಲಾ ಮನೆಯವರನ್ನೂ ಹೊತ್ತವನು."

ಮಹಾಂತೇಶ ಒಂದು ಉಸಿರೂ ಬಿಡದೆ "ಯಾ" ಎಂದ. ಗೇರ್ಡ್ ಅವನ ಕೈ ಕುಲುಕಿ ಹೋದ.

ಬಾಗಿಲು ಮುಚ್ಚಿದ ಮೇಲೆ ನಾನು ಹೇಳಿದೆ, "ನೀ ಹೊರಂಗಿಲ್ಲ."

"ಅತ್ತೀ..."

"ಬಸುರಿ ಗಂಡ ಹೆಣ ಹೊರಬಾರದು. ಇದನ್ನ ನಿಮ್ಮವ್ವ ಹೇಳಿ ಕಳಿಸಿಲ್ಲೇನು?"

"ಅಂವ ನನಗ ಅಪ್ಪ ಇದ್ದಂಗ ಇದ್ದ. ಈ ದೇಶದಾಗ ನಂಗ ಹೆಸರು ಹಿಡಿದು ಕರಿಯಾಂವ ಅಂವ ಒಬ್ಬನ. ಉಳಿದವ್ರಿಗೆಲ್ಲ ನಾ ಶೋಭಾನ ಗಂಡ."

"ಶೋಭಾನ ಗಂಡ ಇದ್ದೀ, ಅದಕ್ಕ ಹೊರಬ್ಯಾಡ ಅನ್ನಾಕತ್ತೀನಿ."

ಸಂಜೆ ಶೋಭಾ ಬಂದಳು. ಎಲ್ಲಾ ಕೇಳಿದಳು. "ಇದೆಲ್ಲಾ ಸುಳ್ಳು ಬೇ, ನೀ ಸುಮ್ಕ ಕುಂದ್ರು. ಮಹಾಂತೇಶ, ನೀ ಹೋಗು," ಎಂದಳು. ಎಂದವಳು ಅಡುಗೆಮನೆಗೆ ಹೋಗಿ ಒಂದು ಲೋಟ ತೊಳೆದಳು. ಒರೆಸಿ ಇಟ್ಟಳು. ಮತ್ತೆ ತೆಗೆದು ತೊಳೆದಳು. ನಾನೂ ನೋಡಿದೆ, ಅವನೂ ನೋಡಿದ.

ನಾನು ಇದನ್ನು ನಂಬುತ್ತಿದ್ದೆನೇ ಎಂದು ನೀವು ಕೇಳಬಹುದು. ನನಗೇ ಗೊತ್ತಿಲ್ಲ. ನಮ್ಮೂರಲ್ಲಿ ಬಸುರಿಯ ಗಂಡಂದಿರು ಹೆಣ ಹೊತ್ತು ಏನೂ ಆಗದ್ದನ್ನೂ ನೋಡಿದ್ದೇನೆ, ಹೊರದೆ ಮನೆಯಲ್ಲಿ ಕೂತವರ ಕೂಸು ಹೋದದ್ದನ್ನೂ ನೋಡಿದ್ದೇನೆ. ಆದರೆ ಇದು ಮೂರನೆಯದು. ಏನಾದರೂ ಆದರೆ ಅವಳು ಅವನನ್ನು ಬಾಯಲ್ಲಿ ಏನೂ ಅನ್ನುವುದಿಲ್ಲ, ಇಂಜಿನಿಯರಲ್ಲವೇ. ಲೋಟ ತೊಳೆಯುತ್ತಾಳೆ. ಜೀವಮಾನವೆಲ್ಲ ತೊಳೆಯುತ್ತಾಳೆ. ನಾನು ಅಂಜಿದ್ದು ಅದಕ್ಕೆ.

ಮಣ್ಣು ಮಾಡಲು ಇನ್ನೂ ಕೆಲವು ದಿನ ಇತ್ತು. ಇಲ್ಲಿ ಸತ್ತವರಿಗೆ ಅವಸರವಿಲ್ಲ. ನಮ್ಮ ಮನೆಯಲ್ಲಿ ಮಾತು ನಿಂತಿತು. ಮಹಾಂತೇಶ ಗೇಟಿನ ಗವಸು ತಂದು ಒಗೆದು, ಒಲೆಯ ಹತ್ತಿರ ಒಣಹಾಕಿದ. ನಾನು ಅದನ್ನು ತೆಗೆದು ಹೊರಗಿಟ್ಟೆ. ಅವನು ಮತ್ತೆ ತಂದ. ಹೀಗೆ ಆ ಗವಸು ಒಳಗೆ ಹೊರಗೆ ತಿರುಗಾಡಿತು.

ಮಣ್ಣಿನ ಹಿಂದಿನ ದಿನ ಊಟ ಮಾಡುತ್ತಿದ್ದಾಗ ಶೋಭಾ ಚಮಚ ಕೆಳಗಿಟ್ಟಳು.

"ಯವ್ವಾ, ಕೂಸು ಹೊರಳವಲ್ದು."

"ಯಾವಾಗಿಂದ?"

"ಮುಂಜಾನಿಂದ."

ಮಹಾಂತೇಶ ಕಾರಿನ ಕೀಲಿ ಹುಡುಕಿದ. ಕೈಯಲ್ಲೇ ಇತ್ತು, ಆದರೂ ಹುಡುಕಿದ. ಅವರು ಹೋದರು. ಕಾರು ಚುಕ್ಕಿಯಾಗುವತನಕ ನೋಡಿದೆ. ಆಮೇಲೆ ಚುಕ್ಕಿ ಮರಳಿ ಬರುವುದನ್ನು ಕಾಯುತ್ತ ನಿಂತೆ. ಎರೆಹೊಲದವರಿಗೆ ಈ ಕಾಯುವುದು ಗೊತ್ತಿರಬೇಕು, ಆದರೆ ನನಗೆ ಅಂದು ಕಾಲು ನಿಲ್ಲಲಿಲ್ಲ. ದೇವರ ಹೆಸರು ಹೇಳಲು ಹೋದರೆ ಬಾಯಿಗೆ ಬಂದದ್ದು ಗೌರವ್ವಳ ಹೆಸರು. ಅವಳು ಸತ್ತು ಎಷ್ಟೋ ವರ್ಷವಾಗಿತ್ತು, ಹೆರಿಗೆಯಲ್ಲಿ.

ಹೊತ್ತು ಇಳಿಯುವಾಗ ಬಂದರು. ಕೂಸು ನೆಟ್ಟಗಿತ್ತು. ಯಂತ್ರ ಹಚ್ಚಿ ಎದೆಬಡಿತ ಕೇಳಿಸಿದರಂತೆ, ಕುದುರೆ ಓಡಿದ ಹಾಗೆ. ಮಲಗಿತ್ತಂತೆ, ಅಷ್ಟೇ. ಆದರೆ ಮಹಾಂತೇಶನ ಮುಖದಲ್ಲಿ ರಕ್ತ ಇರಲಿಲ್ಲ.

"ನಾ ಹೊರೂದಿಲ್ಲ ಅತ್ತೀ," ಎಂದ. "ಗೇರ್ಡ್‌ಗ ಫೋನ್ ಮಾಡ್ತೀನಿ."

ನಾನು ಗೆದ್ದಿದ್ದೆ. ಗೆದ್ದ ಮೇಲೆ ನೋಡಿದರೆ ಅವನು ಫೋನಿನ ಮುಂದೆ ಕೈಕಟ್ಟಿ ಕುಳಿತಿದ್ದ. ಕೆಲಸವಿಲ್ಲದೆ ಕಿಟಕಿ ನೋಡುತ್ತ ಕೂರುತ್ತಿದ್ದನಲ್ಲ, ಅದೇ ಕೂರುವಿಕೆ. ಶೋಭಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಇಂಥ ಗೆಲುವು ಇಟ್ಟುಕೊಂಡು ಏನು ಮಾಡುವುದು?

"ತಡಿ," ಎಂದೆ. "ಹೊರೂದು ಮನಿ ಅಂದಾನಲ್ಲ ಅಂವ?"

"ಹೂಂ."

"ಈ ಮನ್ಯಾಗ ನಾ ಇಲ್ಲೇನು?"

ಅವನು ತಿರುಗಿ ನೋಡಿದ. "ನೀವು ಹೆಣ್ಮಕ್ಳು ಅತ್ತೀ."

"ಅದು ನನಗ ಗೊತ್ತೈತಿ. ಅಂವಗ ಕೇಳು."

ಬಸುರಿಯ ಗಂಡ ಹೊರಬಾರದು ಎಂದಿದೆ. ಬಸುರಿಯ ತಾಯಿ ಹೊರಬಾರದು ಎಂದು ಯಾರೂ ಹೇಳಿಲ್ಲ. ಯಾಕೆಂದರೆ ಅಂಥದ್ದೊಂದು ನಡೆಯಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ನಮ್ಮ ಕಡೆ ಹೆಂಗಸರು ಮಣ್ಣಿನ ಜಾಗಕ್ಕೆ ಕಾಲಿಡುವುದೇ ಇಲ್ಲ, ಮನೆಯ ಮುಂದೆ ಅತ್ತು ಒಳಗೆ ಬರುತ್ತಾರೆ. ಗಂಡನನ್ನೂ ನಾನು ಬಾಗಿಲತನಕವೇ ಕಳಿಸಿದ್ದು.

ಮಹಾಂತೇಶ ಗೇರ್ಡ್‌ಗೆ ಫೋನ್ ಮಾಡಿದ. ಅವನು ಮೇಟಾಳನ್ನು ಕೇಳುತ್ತೇನೆ ಎಂದನಂತೆ. ಸ್ವಲ್ಪ ಹೊತ್ತಿಗೆ ಮೇಟಾ ತಾನೇ ಬೇಲಿ ಬಳಸಿ ಬಂದಳು. ಕೋಲಿನಂಥ ಮುದುಕಿ, ಅಳುತ್ತಿರಲಿಲ್ಲ. ನನ್ನ ಎರಡೂ ಕೈ ಹಿಡಿದು, ಅಂಗೈ ಮೇಲೆ ಮಾಡಿ ನೋಡಿದಳು. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ. ಬಾವಿಯ ಹಗ್ಗ, ಕುಡಗೋಲು, ಜೋಳದ ಚೀಲ, ಎಲ್ಲಾ ಅಲ್ಲಿ ಇದ್ದವು. ತನ್ನ ಅಂಗೈ ತೆಗೆದು ನನ್ನದರ ಪಕ್ಕಕ್ಕಿಟ್ಟಳು. ಏನೋ ಹೇಳಿದಳು.

"ಯುದ್ಧದ ಕಾಲಕ್ಕ ಗಂಡಸ್ರಿರ್ಲಿಲ್ಲಂತ," ಎಂದ ಮಹಾಂತೇಶ. "ಆವಾಗ ಈಕಿ ಅವ್ವನೂ ಹೊತ್ತಿದ್ಲಂತ. ಆತು ಅಂತಾಳ. ಕರಿ ಬಟ್ಟಿ ಬೇಕಂತ."

ನನ್ನ ಹತ್ತಿರ ಕರಿ ಬಟ್ಟೆ ಇರಲಿಲ್ಲ. ಮಹಾಂತೇಶ ಒಳಗೆ ಹೋಗಿ ತನ್ನ ಮದುವೆಯ ಕೋಟು ತಂದ.

"ನಿನ್ನ ಕೋಟು ಬ್ಯಾಡ."

"ನನ್ನ ಕೋಟರ ಹೋಗ್ಲಿ, ಅತ್ತೀ."

ಕೋಟಿನ ವಿಷಯಕ್ಕೂ ಶಾಸ್ತ್ರ ಏನೂ ಹೇಳಿರಲಿಲ್ಲ. ಹಾಕಿಕೊಂಡೆ. ಮೊಣಕಾಲತನಕ ಬಂತು.

"ಆದ್ರ ನೀ ಮನ್ಯಾಗ ಇರಬೇಕು," ಎಂದೆ. "ನೋಡಾಕೂ ಬರಬ್ಯಾಡ."

ಅವನು ತಲೆಯಾಡಿಸಿದ. ಅದು ಅವನಿಗೆ ಹೆಚ್ಚಾಯಿತೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ.

ಮರುದಿನ ಹಿನ್ರಿಶ್‌ನ ಮನೆಯ ದನ ಕಟ್ಟುವ ಅಂಕ ಗುಡಿಸಿ ಅಲ್ಲಿ ಪೆಟ್ಟಿಗೆ ಇಟ್ಟಿದ್ದರು. ಐದು ಜನ ಗಂಡಸರು, ಬಾಗಿಲ ಎತ್ತರದವರು. ಆರನೆಯವಳು ನಾನು: ಸೀರೆ, ಅದರ ಮೇಲೆ ಅಳಿಯನ ಕೋಟು, ಕೈಗೆ ಆ ಬಿಳಿ ಗವಸು, ಕಾಲಿಗೆ ಶೋಭಾಳ ರಬ್ಬರ್ ಬೂಟು. ಗೇರ್ಡ್ ನನಗೆ ಹೊಸ ಲಿಂಬೆಹಣ್ಣು ಕೊಟ್ಟ. ಕೊಡುವಾಗ ಕಾಲುವೆಯ ಕಡೆ ಒಮ್ಮೆ ನೋಡಿ, ಹಣ್ಣನ್ನು ನನ್ನ ಅಂಗೈಯೊಳಗಿಟ್ಟು ಬೆರಳು ಮಡಚಿ ಗಟ್ಟಿಯಾಗಿ ಒತ್ತಿದ. ಈ ಸಲ ಒಗೆಯಬೇಡ ಎಂದು. ಅದಕ್ಕೆ ಭಾಷೆ ಬೇಕಾಗಿರಲಿಲ್ಲ.

ಒಂದು ಕೈಯಲ್ಲಿ ಹಣ್ಣು, ಇನ್ನೊಂದರಲ್ಲಿ ಹಿಡಿ. ಅವರು ಎತ್ತಿದರೆ ನನ್ನ ಕಡೆ ಪೆಟ್ಟಿಗೆ ತಗ್ಗುತ್ತದೆ. ನಾನು ಮೊಣಕೈ ಮಡಚಿ ಎತ್ತಿ ಹಿಡಿಯಬೇಕು. ಕೊಡ ಸೊಂಟದಲ್ಲಿ ಹೊರುವವರಿಗೆ ಆ ಉಪಾಯ ಗೊತ್ತಿರುತ್ತದೆ, ಆದರೆ ಕೊಡ ಇಷ್ಟು ಭಾರ ಇರುವುದಿಲ್ಲ. ಅಂಕದಿಂದ ರಸ್ತೆಯಲ್ಲಿದ್ದ ಬಂಡಿಯತನಕ. ಆಮೇಲೆ ಆ ಹಳದಿ ಫಲಕದ ಊರಿನಲ್ಲಿ ಬಂಡಿಯಿಂದ ಸುಡುಗಾಡಿನ ಕುಣಿಯತನಕ. ಬೂಟಿನ ಸದ್ದು, ಗಾಳಿಯ ಸದ್ದು. ನನ್ನ ತಲೆಯಲ್ಲಿ ಒಂದೇ ಮಾತು ಓಡುತ್ತಿತ್ತು: ಬೀಳಬೇಡ. ಬಿದ್ದರೆ ಅಪಶಕುನ. ಇವರಲ್ಲಿಯೂ, ನಮ್ಮಲ್ಲಿಯೂ.

ಕುಣಿಯ ಹತ್ತಿರ ಹಲಗೆ ಹಾಸಿದ್ದರು. ಒದ್ದೆ ಹಲಗೆ. ಬೂಟಿಗೆ ಸೀರೆಯ ಅಂಚು ಸಿಕ್ಕಿತು. ಕಾಲು ಜಾರಿತು. ಪೆಟ್ಟಿಗೆ ನನ್ನ ಕಡೆ ವಾಲಿತು, ಯಾರೋ ಹೆಂಗಸು ಉಸಿರೆಳೆದದ್ದು ಕೇಳಿತು. ಒಂದು ಮೊಣಕಾಲು ಹಲಗೆಗೆ ಬಡಿಯಿತು. ಹಿಡಿ ಬಿಡಲಿಲ್ಲ. ಹಣ್ಣೂ ಬಿಡಲಿಲ್ಲ, ಯಾಕೆ ಬಿಡಲಿಲ್ಲವೋ, ಅದನ್ನು ಬಿಟ್ಟಿದ್ದರೆ ಎರಡೂ ಕೈ ಹಾಕಬಹುದಿತ್ತು. ಹಿಂದೆ ಇದ್ದ ಗೇರ್ಡ್ ಮೆಲ್ಲಗೆ "ಲಾಂಗ್‌ಸಾಮ್, ಓಮಾ, ಲಾಂಗ್‌ಸಾಮ್" ಎಂದ. ನಿಧಾನ, ಅಜ್ಜಿ, ನಿಧಾನ. ಐದೂ ಜನ ನಾನು ಏಳುವತನಕ ಕಂಬದ ಹಾಗೆ ನಿಂತರು. ಎದ್ದೆ. ಇಳಿಸಿದೆವು. ಹಣ್ಣುಗಳನ್ನು ಕುಣಿಗೆ ಹಾಕಿದೆವು, ಮರದ ಮೇಲೆ ಬಿದ್ದು ಆರು ಸಲ ಡುಂ ಎಂದವು.

ಆಮೇಲೆ ಎಲ್ಲರೂ ಮೇಟಾಳ ಮನೆಯಲ್ಲಿ ಕಾಫಿಗೂ ಬೆಣ್ಣೆ ಕೇಕಿಗೂ ಕುಳಿತರು. ಸಾವಿನ ಮನೆಯಲ್ಲಿ ಇವರು ಹೊಟ್ಟೆ ತುಂಬ ತಿನ್ನುತ್ತಾರೆ. ನಾನು ದನದ ನೀರಿನ ನಲ್ಲಿಯ ಕೆಳಗೆ ಸೀರೆ ಸಮೇತ ತಲೆಗೆ ನೀರು ಹಾಕಿಕೊಂಡೆ. ನವೆಂಬರಿನ ಆ ನೀರು ಎಂಥದು ಎಂದು ಹೇಳಲು ನನ್ನ ಹತ್ತಿರ ಮಾತಿಲ್ಲ. ಹಲ್ಲು ಹಲ್ಲು ಬಡಿಯುತ್ತಿದ್ದಾಗ ಮೇಟಾ ಒಂದು ಟವೆಲ್ಲೂ ತನ್ನದೊಂದು ಲಂಗವೂ ಹಿಡಿದು ನಿಂತಿದ್ದಳು. ಯಾಕೆ ಎಂದು ಕೇಳಲಿಲ್ಲ. ಕೋಟನ್ನು ನಮ್ಮ ಮನೆಯ ಹೊರಗಿನ ಮೊಳೆಗೆ ಗಾಳಿಗೆ ಹಾಕಿದೆ.

ತಲೆ ಎತ್ತಿ ನೋಡಿದರೆ ಕಿಟಕಿಯಲ್ಲಿ ಮಹಾಂತೇಶ. ಬಯಲಲ್ಲವೇ, ಅಂಕದಿಂದ ಆ ಊರಿನತನಕ ಬಂಡಿ ಹೋದದ್ದು ಪೂರ್ತಿ ಕಾಣುತ್ತದೆ. ಬೆಳಗಿನಿಂದ ಅಲ್ಲಿಯೇ ನಿಂತಿದ್ದನಂತೆ. ನೋಡಬೇಡ ಎಂದಿದ್ದೆ. ಕಿಟಕಿಗೆ ಏನು ಹೇಳುವುದು?

ಕೂಸು ಜನವರಿಯಲ್ಲಿ ಹುಟ್ಟಿತು, ಹೆಣ್ಣು. ನಾನು ಹೊತ್ತದ್ದಕ್ಕೂ ಅದಕ್ಕೂ ಸಂಬಂಧವಿಲ್ಲ, ಅವನು ಹೊರದೆ ಇದ್ದದ್ದಕ್ಕೂ ಇಲ್ಲ. ಈಗ ಅದು ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಜರ್ಮನಿನಲ್ಲಿ ಉತ್ತರ ಕೊಡುತ್ತದೆ, ನನ್ನ ಕೆಂಪು ಗವಸು ನೋಡಿ ಮುಖ ಸಿಂಡರಿಸುತ್ತದೆ. ಇದು ಮುಂದಿನ ಮಾತಾಯಿತು.

ಮಣ್ಣಿನ ಮರುದಿನ ಬೆಳಿಗ್ಗೆ ನಾನು ಎದ್ದು ಕಾಲುವೆಗೆ ಹೋದೆ. ಮೊದಲನೆಯ ಲಿಂಬೆಹಣ್ಣು ಇನ್ನೂ ಜೊಂಡಿನಲ್ಲಿ ಸಿಕ್ಕಿಕೊಂಡಿತ್ತು, ಕಡ್ಡಿಯೂ ಬಿದ್ದಿರಲಿಲ್ಲ. ಪೊರಕೆ ಒಯ್ದಿರಲಿಲ್ಲ. ಮೊಣಕಾಲು ನೋಯುತ್ತಿತ್ತು, ಮಲಗಿ ಕೈ ಚಾಚಿ ಬರಿಗೈಯಲ್ಲಿ ತೆಗೆದೆ. ನಲ್ಲಿಯಲ್ಲಿ ತೊಳೆದು ಸೆರಗಿನಲ್ಲಿ ಒರೆಸಿದೆ. ಮಹಾಂತೇಶ ಹೆಂಡತಿಗೆ ಡಬ್ಬಿ ಕಟ್ಟುತ್ತಿದ್ದ.

"ಹಿಡಿ," ಎಂದೆ. "ನಿಂದು. ಹೋಗಿ ಹಿನ್ರಿಶ್‌ನ ಕುಣಿ ಮ್ಯಾಲ ಇಟ್ಟು ಬಾ."

ಅವನು ಹಣ್ಣನ್ನು ನೋಡಿದ, ನನ್ನನ್ನು ನೋಡಿದ. "ಅತ್ತೀ, ಮತ್ತ ಶಾಸ್ತ್ರ?"

"ಹೊರಬಾರದು ಅಂತ ಐತಿ. ಇಡಬಾರದು ಅಂತ ಇಲ್ಲ. ಬರೂ ಮುಂದ ಹೊರಗ ಕೈಕಾಲು ತೊಳ್ಕೊಂಡು ಬಾ."

ಶೋಭಾ ಬಾಗಿಲಲ್ಲಿ ನಿಂತಿದ್ದಳು. ಮೊಳೆಯಿಂದ ಕೋಟು ತೆಗೆದುಕೊಟ್ಟಳು. ಅವನು ಹಾಕಿಕೊಂಡು, ಹಣ್ಣನ್ನು ಜೇಬಿನಲ್ಲಿಟ್ಟು ಸೈಕಲ್ ಹತ್ತಿದ. ಹಸಿರು ಫಲಕ ದಾಟಿದ. ನಾವಿಬ್ಬರೂ ಅವನು ಚುಕ್ಕಿಯಾಗುವತನಕ ನಿಂತೆವು. ಚುಕ್ಕಿ ಹೋದ ಮೇಲೆ ಅವಳು ಡಬ್ಬಿ ಹಿಡಿದು ಕೆಲಸಕ್ಕೆ ಹೋದಳು, ನಾನು ಒಳಗೆ ಬಂದು ಅವನು ಕಲಸಿಟ್ಟ ಹಿಟ್ಟಿನ ರೊಟ್ಟಿ ಬಡಿಯತೊಡಗಿದೆ.